ಪೆಪೇರ್ ನಾಯಿಯ ಮೇಲೆ ನಾನು ಬರೆದ ಸಾಲು

ಇದನ್ನು ಹೇಳಲು ಹೊರಟಿದ್ದಕ್ಕೆ ಮೊದಲು ಕ್ಷಮೆ ಕೇಳಿಕೊಳ್ಳುತ್ತೇನೆ. ನಾನು ಡಾಕ್ಟರಲ್ಲ, ನರ್ಸೂ ಅಲ್ಲ. ಹದಿನೆಂಟು ವರ್ಷ ಚೀಸ್ ಕಾರ್ಖಾನೆಯಲ್ಲಿದ್ದೆ. ಆಮೇಲೆ ಎರಡು ಚಳಿಗಾಲ ಹೈಸ್ಕೂಲಿನ ಕಟ್ಟಡದಲ್ಲಿ ನಡೆಯುವ ಸಂಜೆ ತರಗತಿಗೆ ಹೋಗಿ, ಪರೀಕ್ಷೆಯನ್ನು ಎರಡನೆಯ ಸಲಕ್ಕೆ ಪಾಸು ಮಾಡಿ, ಮನೆ ಮನೆಗೆ ಹೋಗಿ ರೋಗಿಗಳಿಗೆ ಸ್ನಾನ ಮಾಡಿಸುವ, ಗಾಯ ನೋಡುವ, ಕೈಹಿಡಿದು ನಡೆಸುವ ಈ ಕೆಲಸಕ್ಕೆ ಸೇರಿದೆ. ಸೋಂಕಿನ ವಿಷಯ ಮಾತಾಡಲು ಓದಿದವರು ಬೇಕಾದಷ್ಟು ಜನ ಇದ್ದಾರೆ. ಆದರೆ ಇದರಲ್ಲಿ ತಪ್ಪು ಮಾಡಿದವರ ಪೈಕಿ ನಾನೂ ಒಬ್ಬಳು. ಅಲ್ಲದೆ ಲಿಯೋನಕ್ಕನನ್ನು ಕೇಳಿಯೇ ಬರೆಯುತ್ತಿದ್ದೇನೆ. "ಬರಿ. ನನ್ನ ಹೆಸರು ಮಾತ್ರ ಬದಲಾಯಿಸಿದ್ಯೋ, ಕೈ ಮುರಿದು ಹಾಕ್ತೀನಿ," ಎಂದು ಅಪ್ಪಣೆ ಕೊಟ್ಟಿದ್ದಾಳೆ.

ಲಿಯೋನಾ ದೆರೋಶೆಗೆ ಅರವತ್ತೇಳು ವರ್ಷ. ನಮ್ಮ ಕಡೆ, ಅಂದರೆ ವರ್ಮಾಂಟ್ ರಾಜ್ಯದ ಉತ್ತರದ ತುದಿಯಲ್ಲಿ, ಅವಳನ್ನು ಅರಿಯದ ಹಸುವೇ ಇಲ್ಲ. ಯಾರ ಮನೆಯಲ್ಲಾದರೂ ಮದುವೆ, ಸಾವು, ಕಾಯಿಲೆ ಅಂದರೆ ಅವರ ಕೊಟ್ಟಿಗೆಗೆ ಹೋಗಿ ಹಾಲು ಕರೆದು ಕೊಡುವುದು ಅವಳ ಕಸುಬು. ನಾನು ಚಿಕ್ಕವಳಿದ್ದಾಗ ನಮ್ಮಪ್ಪನ ಹಸುಗಳನ್ನೂ ಕರೆದವಳು. ಐವತ್ತು ವರ್ಷ ಹಸುಗಳ ಪಕ್ಕ ಕುಕ್ಕರಗಾಲಲ್ಲಿ ಕೂತು ಎದ್ದು ಅವಳ ಬಲ ಮಂಡಿ ಸವೆದುಹೋಗಿತ್ತು. ಫೆಬ್ರವರಿಯಲ್ಲಿ ಅದನ್ನು ತೆಗೆದು ಲೋಹದ ಮಂಡಿ ಕೂರಿಸಿದರು.

ಮನೆಯಲ್ಲಿ ಅವಳ ಜೊತೆ ತಂಗಿ ಕ್ಲೋದೆಟ್ ಇದ್ದಾಳೆ. ಹಲ್ಲಿನ ಡಾಕ್ಟರ ಹತ್ತಿರ ಸಲಕರಣೆ ತೊಳೆದು ಕುದಿಸುವ ಕೆಲಸ. ಮನೆಯ ಚಮಚವನ್ನೂ ಹಾಗೇ ತೊಳೆಯುತ್ತಾಳೆ. ಇನ್ನೊಬ್ಬ ಪೆಪೇರ್. ಹದಿಮೂರು ವರ್ಷದ ಬೇಟೆನಾಯಿ, ಕಿವಿ ನೆಲಕ್ಕೆ ತಾಗುತ್ತದೆ. ಪೆಪೇರ್ ಅಂದರೆ ನಮ್ಮ ಮನೆಗಳ ಫ್ರೆಂಚಿನಲ್ಲಿ ತಾತ. ಮರಿಯಾಗಿದ್ದಾಗಲೇ ಮುಖ ಹಾಗಿತ್ತಂತೆ, ಸಾಲ ಕೊಟ್ಟು ಕೂತ ಮುದುಕನ ಹಾಗೆ.

ಮೊದಲ ದಿನ ನಾನು ಪ್ರಶ್ನೆಗಳ ಹಾಳೆ ಹಿಡಿದು ಕೂತೆ. ಪೆಪೇರ್ ಹಾಸಿಗೆಯ ಮೇಲೆ, ಆಪರೇಷನ್ ಆದ ಕಾಲಿನ ಪಕ್ಕದಲ್ಲೇ ಒರಗಿಕೊಂಡಿದ್ದ.

"ಮನೇಲಿ ಪ್ರಾಣಿ ಏನಾದ್ರೂ ಇದ್ಯಾ, ಅಕ್ಕ?"

"ಇದೆ. ಕ್ಲೋದೆಟ್ ಅಂತ."

"ಕೇಳಿಸ್ತು!" ಅಡುಗೆಮನೆಯಿಂದ ಕ್ಲೋದೆಟ್ ಕೂಗಿದಳು.

ನಾನು ತರಗತಿಯಲ್ಲಿ ಕಲಿತದ್ದನ್ನು ತಡವರಿಸುತ್ತ ಹೇಳಿದೆ. "ನಾಯಿ ಬಾಯಲ್ಲಿ, ಉಗುರಲ್ಲಿ ಕಣ್ಣಿಗೆ ಕಾಣದ ಹುಳ ಇರ್ತವೆ. ಗಟ್ಟಿಮುಟ್ಟಾಗಿರೋರಿಗೆ ಏನೂ ಆಗಲ್ಲ. ನಿನಗೀಗ ಚರ್ಮ ಕುಯ್ದು ಹೊಲಿದಿದ್ದಾರೆ, ಒಳಗೆ ಲೋಹ ಇದೆ. ಅಲ್ಲಿಗೆ ಹೋಗಿ ಕೂತ್ರೆ ಬಿಡಿಸೋದು ಕಷ್ಟ. ಮತ್ತೆ ಕುಯ್ಬೇಕಾಗುತ್ತೆ."

"ಹದಿಮೂರು ವರ್ಷದಿಂದ ಇದೇ ಜಾಗದಲ್ಲಿ ಮಲಗ್ತಾನೆ. ನನ್ನ ಗಂಡನೇ ಅಷ್ಟು ವರ್ಷ ಮಲಗಲಿಲ್ಲ."

"ಗಾಯ ಪೂರ್ತಿ ಮಾಯೋವರೆಗೆ ಮಾತ್ರ. ಹಾಸಿಗೆ ಮೇಲೆ ಬೇಡ, ಕಾಲು ನೆಕ್ಕೋದು ಬೇಡ. ಅವನನ್ನ ಮುಟ್ಟಿದ್ರೆ ಸೋಪು ಹಾಕಿ ಕೈ ತೊಳೀಬೇಕು."

ಲಿಯೋನಕ್ಕ ನನ್ನನ್ನೂ ನಾಯಿಯನ್ನೂ ಮತ್ತೆ ಮತ್ತೆ ನೋಡಿ, "ಸರಿ. ಮಾತು ಕೊಟ್ಟೆ. ನನ್ನ ಕಾಲನ್ನ ಅವನು ಮುಟ್ಟಲ್ಲ," ಎಂದಳು. ಅವತ್ತೇ ಕ್ಲೋದೆಟ್ ಪಕ್ಕದ ಫಾರ್ಮಿನಿಂದ ಕರುಗಳನ್ನು ಕೂಡಿಹಾಕುವ ಸರಳಿನ ಗೇಟು ತಂದು ಅಡುಗೆಮನೆಗೂ ಮಲಗುವ ಕೋಣೆಗೂ ನಡುವೆ ಕಟ್ಟಿದಳು. ಹಾಸಿಗೆಯ ಬಟ್ಟೆಯನ್ನೆಲ್ಲ ಬದಲಾಯಿಸಿದಳು. ಪೆಪೇರ್ ಗೇಟಿನ ಆಚೆ ಮಲಗಿ, ಸರಳಿನ ಸಂದಿಯಲ್ಲಿ ಮುಂಗಾಲು ಚಾಚಿ ನಿಟ್ಟುಸಿರು ಬಿಡುತ್ತಿದ್ದ.

ಎರಡು ವಾರ ಎಲ್ಲ ಚೆನ್ನಾಗಿತ್ತು. ಗಾಯವನ್ನು ಹೊಲಿದಿದ್ದ ಪಿನ್ನುಗಳನ್ನು ತೆಗೆದರು, ಬ್ಯಾಂಡೇಜ್ ಬೇಡ ಅಂದರು. ಅದಾಗಿ ಐದನೆಯ ದಿನ ಲಂಗ ಸರಿಸಿ ನೋಡಿದರೆ ಗಾಯದ ಕೆಳತುದಿ ಕೆಂಪಗೆ ಊದಿಕೊಂಡಿದೆ, ಮುಟ್ಟಿದರೆ ಸುಡುತ್ತಿದೆ, ಒಂದು ಕಡೆ ಹಳದಿ ನೀರು. ಕೂಡಲೇ ಫೋನ್ ಮಾಡಿದೆ. ಕ್ಲೋದೆಟ್ ಕೆಲಸ ಬಿಟ್ಟು ಬಂದು ಅಕ್ಕನನ್ನು ಆಸ್ಪತ್ರೆಗೆ ಕರೆದುಕೊಂಡು ಹೋದಳು. ಹತ್ತಿಯಲ್ಲಿ ಒರೆಸಿ ಪರೀಕ್ಷೆಗೆ ಕಳಿಸಿದರು, ಮಾತ್ರೆ ಶುರು ಮಾಡಿದರು. ಮೂರು ದಿನಕ್ಕೆ ಉತ್ತರ ಬಂತು: ನಾಯಿ ಬೆಕ್ಕುಗಳ ಬಾಯಲ್ಲಿ ಇರುವ ಜಾತಿಯ ರೋಗಾಣು. ಸದ್ಯಕ್ಕೆ ಚರ್ಮದಲ್ಲೇ ಇರುವಂತಿದೆ, ಒಳಗೆ ಇಳಿದರೆ ಮಂಡಿ ಬಿಚ್ಚಬೇಕಾದೀತು ಎಂದರಂತೆ.

ಈಗ ನನ್ನ ತಪ್ಪಿಗೆ ಬರುತ್ತೇನೆ. ನಾವು ಪ್ರತಿ ಭೇಟಿಗೂ ಒಂದು ಹಾಳೆ ತುಂಬಬೇಕು. ಅದರ ಒಂದು ಪ್ರತಿ ರೋಗಿಯ ಮನೆಯಲ್ಲೇ ಇರುತ್ತದೆ. ಅದರಲ್ಲಿ 'ಕಾರಣ ಏನಿರಬಹುದು' ಎಂಬ ಖಾನೆ ಇದೆ. ಖಾಲಿ ಬಿಡಬಹುದಿತ್ತು. ಆದರೆ ಖಾಲಿ ಬಿಟ್ಟರೆ ಎಲ್ಲರ ಕಣ್ಣು ನನ್ನ ಕೈಗಳ ಮೇಲೆ ಬೀಳುತ್ತದೆ, ಸಂಜೆ ತರಗತಿಯವಳು ಸರಿಯಾಗಿ ಕೈ ತೊಳೆದಿಲ್ಲ ಅನ್ನುತ್ತಾರೆ ಎಂದು ಹೆದರಿದೆ. ನಾನು ತೊಳೆದಿದ್ದೆ. ಆದರೂ ತೊಳೆದೆನೇ, ಪ್ರತಿ ಸಲವೂ ತೊಳೆದೆನೇ ಎಂದು ಎರಡು ರಾತ್ರಿ ಲೆಕ್ಕ ಹಾಕಿದೆ. ಮೂರನೆಯ ದಿನ ಆ ಖಾನೆಯಲ್ಲಿ, "ನಾಯಿ ಗಾಯವನ್ನು ನೆಕ್ಕಿರಬಹುದು" ಎಂದು ಬರೆದೆ. ನೆಕ್ಕಿದ್ದನ್ನು ನಾನು ನೋಡಿರಲಿಲ್ಲ.

ಕ್ಲೋದೆಟ್ ಆ ಸಾಲನ್ನು ಓದಿದಳು. ಬುಧವಾರ ನಾನು ಹೋದಾಗ ಹಾಳೆ ಹಿಡಿದುಕೊಂಡೇ ನಿಂತಿದ್ದಳು.

"ನೋಡು, ಬರೆದಿದ್ದಾಳೆ. ಓದಿದೋಳು ಬರೆದಿದ್ದಾಳೆ."

"ಅವನು ನನ್ನ ಕಾಲು ಮುಟ್ಟಿಲ್ಲ," ಎಂದಳು ಲಿಯೋನಕ್ಕ.

"ನೀನು ಮಾತ್ರೆ ನುಂಗಿ ಗೊರಕೆ ಹೊಡೀತಿರ್ತೀಯ. ನಿನಗೇನು ಗೊತ್ತು?"

"ಕರು ಹಾರದ ಗೇಟು ಅದು. ಈ ಮುದುಕ ಸೋಫಾ ಹತ್ತೋಕೇ ಮೂರು ಸಲ ಯೋಚನೆ ಮಾಡ್ತಾನೆ. ಎತ್ತು ಈಯ್ತು ಅಂದ್ರೆ ಕೊಟ್ಟಿಗೇಲಿ ಕಟ್ಟು ಅನ್ನೋಳು ನೀನು."

"ಶುಕ್ರವಾರ ಮಧ್ಯಾಹ್ನ ಹನ್ನೆರಡಕ್ಕೆ ದನದ ಡಾಕ್ಟರ ಹತ್ರ ಹೇಳಿದೀನಿ. ಹದಿಮೂರು ವರ್ಷದ ನಾಯೀನ ಯಾರೂ ಸಾಕ್ಕೊಳಲ್ಲ ಅಕ್ಕ. ನೋವಾಗಲ್ಲ ಅಂದ್ರು. ಒಂದು ಸೂಜಿ ಅಷ್ಟೆ, ನಿದ್ದೆಯಲ್ಲೇ ಹೋಗ್ತಾನೆ."

ನಾಯಿ ಸಾಕುವ ಲೈಸೆನ್ಸ್ ಕ್ಲೋದೆಟ್ ಹೆಸರಿನಲ್ಲಿತ್ತು. ಗಾಡಿಯೂ ಅವಳದೇ. ಅವಳು ಕಟುಕಿಯಲ್ಲ, ಅದನ್ನು ಹೇಳಲೇಬೇಕು. ಅವರ ತಮ್ಮ ರೋಮಿಯೋಗೆ ಮುಳ್ಳುತಂತಿ ಗೀರಿದ್ದು ವಿಷವಾಗಿ, ಇವತ್ತು ನೋಡೋಣ ನಾಳೆ ನೋಡೋಣ ಅನ್ನುವಷ್ಟರಲ್ಲಿ ಮೊದಲು ಕಾಲು ಹೋಯಿತು, ಆಮೇಲೆ ಅವನೇ ಹೋದ. ಅವನ ಹಾಸಿಗೆಯ ಪಕ್ಕ ಕೂತವಳು ಕ್ಲೋದೆಟ್. ಅವಳಿಗೆ ನಾಯಿ ಕಾಣುತ್ತಿರಲಿಲ್ಲ, ಆ ಕಾಲು ಕಾಣುತ್ತಿತ್ತು.

ಆ ಸಾಲನ್ನು ನಾನು ಹಾಗೇ ಬಿಟ್ಟೆ. ಗಾಯ ನೋಡಿ, ಹಾಳೆ ತುಂಬಿ, ಹೊರಟುಬಂದೆ.

ನನ್ನ ಭೇಟಿ ಯಾವಾಗಲೂ ಹನ್ನೊಂದಕ್ಕೆ. ಗುರುವಾರ ಬೇರೊಂದು ಮನೆಯವರು ಬೇಡವೆಂದಿದ್ದರಿಂದ ಎಂಟಕ್ಕೇ ಹೋದೆ. ಕ್ಲೋದೆಟ್ ಕೆಲಸಕ್ಕೆ ಹೋಗಿದ್ದಳು. ಲಿಯೋನಕ್ಕ ಗೇಟಿನ ಈಚೆ ಕುರ್ಚಿ ಹಾಕಿಕೊಂಡು ಕೂತಿದ್ದಳು. ಪೆಪೇರ್ ಸರಳಿನ ಸಂದಿಯಿಂದ ಮುಂಗಾಲು ಕೊಟ್ಟಿದ್ದ. ಚಳಿಗಾಲವಿಡೀ ರಸ್ತೆಗೆ ಉಪ್ಪು ಸುರಿಯುತ್ತಾರಲ್ಲ, ನಾಯಿಗಳ ಅಂಗಾಲು ಒಡೆದು ಬಿರುಕು ಬಿಡುತ್ತದೆ. ಅವೂ ಅದನ್ನು ನೆಕ್ಕುತ್ತಲೇ ಇರುತ್ತವೆ. ಲಿಯೋನಕ್ಕ ತೊಡೆಯ ಮೇಲಿನ ತಗಡಿನ ಡಬ್ಬಿಯಿಂದ ಎರಡು ಬೆರಳಲ್ಲಿ ಮುಲಾಮು ಎತ್ತಿ ಅವನ ಅಂಗಾಲಿಗೆ, ಬೆರಳ ಸಂದಿಗೆಲ್ಲ ಉಜ್ಜುತ್ತಿದ್ದಳು. ಹಸುವಿನ ಕೆಚ್ಚಲು ಒಡೆದರೆ ಹಚ್ಚುವ ಮುಲಾಮು ಅದು. ನಾಲ್ಕೂ ಕಾಲು ಮುಗಿಯಿತು. ಆಮೇಲೆ ಲಂಗ ಮೇಲೆತ್ತಿ, ಅದೇ ಎರಡು ಬೆರಳನ್ನು ಅದೇ ಡಬ್ಬಿಗೆ ಅದ್ದಿ, ಬ್ರೆಡ್ಡಿಗೆ ಬೆಣ್ಣೆ ಸವರಿದಷ್ಟು ಸಲೀಸಾಗಿ ತನ್ನ ಗಾಯದ ಉದ್ದಕ್ಕೂ ಸವರಿದಳು.

"ಅಕ್ಕ!"

ಅವಳು ಬೆಚ್ಚಿಬಿದ್ದಳು. "ಏನೇ ಅದು, ಹೆಣ ಕಂಡೋಳ ಹಾಗೆ?"

"ಏನು ಹಚ್ಕೊಂಡಿದ್ದೀಯ?"

"ಇದಾ? ಮುಲಾಮು."

"ಏನೂ ಹಚ್ಚಲ್ಲ ಅಂದಿದ್ಯಲ್ಲ! ಕೇಳಿದ್ನಲ್ಲ ನಾನು, ಔಷಧಿ ಗಿವ್ಷಧಿ ಹಚ್ತೀಯಾ ಅಂತ?"

"ಇದು ಔಷಧಿ ಅಲ್ವಲ್ಲ," ಎಂದಳು, ನಿಜಕ್ಕೂ ಅರ್ಥವಾಗದೆ.

ಆ ಡಬ್ಬಿ ಮೊದಲ ದಿನದಿಂದ ಕಿಟಕಿಯ ಕಟ್ಟೆಯ ಮೇಲೇ ಇತ್ತು. ಅದರ ಎದುರಿಗೇ ಕೂತು ನಾನು ಆ ಪ್ರಶ್ನೆಗೆ 'ಇಲ್ಲ' ಎಂದು ಗುರುತು ಹಾಕಿದ್ದೆ. ನಮ್ಮ ಮನೆಯಲ್ಲೂ ಅಂಥದ್ದು ಪಾತ್ರೆ ತೊಳೆಯುವಲ್ಲಿ ಇದೆ. ನಮ್ಮಮ್ಮ ನನ್ನ ತುಟಿಗೆ ಹಚ್ಚುತ್ತಿದ್ದದ್ದೂ ಅದನ್ನೇ. ಅಪ್ಪ ಬಾಗಿಲ ತಿರುಗಣಿಗೂ ಹಚ್ಚುತ್ತಿದ್ದ. ನಮ್ಮ ಕಡೆ ಅದನ್ನು ಯಾರೂ ಔಷಧಿ ಎಂದು ಎಣಿಸುವುದಿಲ್ಲ. ದೊಡ್ಡ ಊರಿನಿಂದ ಬಂದ ಯಾವ ನರ್ಸಾದರೂ ಮೊದಲ ದಿನವೇ, ಇದೇನಿದು ಎಂದು ಕೇಳುತ್ತಿದ್ದಳು. ನಾನು ಈ ಊರಿನವಳು, ಅದಕ್ಕೇ ನನಗೆ ಕಾಣಲಿಲ್ಲ.

ಡಬ್ಬಿಯನ್ನು ಬೆಳಕಿಗೆ ಹಿಡಿದೆ. ಮುಲಾಮಿನಲ್ಲಿ ಸಣ್ಣ ಕಂದು ಕೂದಲುಗಳು ಅಂಟಿಕೊಂಡಿದ್ದವು.

"ಯಾವಾಗಿಂದ ಹಚ್ತಿದ್ದೀಯ?"

"ಪಿನ್ನು ತೆಗೆದ ದಿನದಿಂದ. ತುರಿಸ್ತಿತ್ತು. ಐವತ್ತು ವರ್ಷದಿಂದ ಇದನ್ನ ಹಚ್ಚಿ ಎಷ್ಟು ಕೆಚ್ಚಲು ವಾಸಿ ಮಾಡಿದ್ದೀನಿ ಗೊತ್ತಾ?"

"ಯಾವ ಹಸು ಮಂಡಿಯೊಳಗೆ ಲೋಹ ಇತ್ತು, ಅಕ್ಕ? ಮುಲಾಮು ಕೆಟ್ಟದ್ದು ಅಂತಲ್ಲ. ಪೆಪೇರ್ ಕಾಲು ನೆಕ್ತಾನೆ. ಬಾಯಲ್ಲಿರೋದು ಕಾಲಿಗೆ ಬರುತ್ತೆ. ಕಾಲಿಂದ ನಿನ್ನ ಬೆರಳಿಗೆ, ಬೆರಳಿಂದ ಡಬ್ಬಿಗೆ, ಡಬ್ಬಿಯಿಂದ ಗಾಯಕ್ಕೆ. ಅವನು ಗೇಟು ದಾಟಲೇ ಇಲ್ಲ. ನೀನೇ ದಾಟಿಸಿದ್ದೀಯ."

ಅವಳು ತನ್ನ ಎರಡು ಬೆರಳನ್ನು ನೋಡಿಕೊಂಡಳು. "ಹಾಗಾದ್ರೆ ಮಾಡಿದ್ದು ನಾನು. ಸೂಜಿ ಮಾತ್ರ ಅವನಿಗೆ."

ನಾನು ಹೊರಗೆ ಬಂದು ನಮ್ಮ ಮೇಲ್ವಿಚಾರಕಿಗೆ ಫೋನ್ ಮಾಡಿದೆ. ಅವಳು, ತಿದ್ದುಪಡಿ ಹಾಳೆ ಬರೆ, ಆಸ್ಪತ್ರೆಗೆ ತಿಳಿಸು, ಅಕ್ಕತಂಗಿಯರ ಜಗಳದಲ್ಲಿ ತಲೆ ಹಾಕಬೇಡ, ಶುಕ್ರವಾರ ನಿನಗೆ ಆ ಮನೆಯ ಭೇಟಿ ಇಲ್ಲ, ಹೋಗಬೇಡ ಎಂದಳು. ನ್ಯಾಯವಾದ ಮಾತೇ. ಆಸ್ಪತ್ರೆಗೆ ತಿಳಿಸಿದೆ. ಅಲ್ಲಿನ ನರ್ಸು, "ಇರಬಹುದು. ಮುಲಾಮು ನಿಲ್ಲಿಸಿ. ನಾಯಿಯನ್ನು ಮನೆಬಿಟ್ಟು ಓಡಿಸಿ ಅಂತ ನಾವು ಹೇಳಿಲ್ಲ, ದೂರ ಇಡಿ ಅಂದಿದ್ದೇವೆ," ಎಂದಳು. ಕ್ಲೋದೆಟ್‌ಗೆ ಎರಡು ಸಲ ಫೋನ್ ಮಾಡಿದೆ. ಎತ್ತಲಿಲ್ಲ. ಸಂಜೆ ಲಿಯೋನಕ್ಕ ತಾನೇ ಹೇಳಿದಳಂತೆ. ನಾಯಿ ಉಳಿಸಿಕೊಳ್ಳಲು ಕಥೆ ಕಟ್ಟುತ್ತಿದ್ದೀಯ ಎಂದು ಕ್ಲೋದೆಟ್ ನಂಬಲಿಲ್ಲವಂತೆ. ಅವಳ ಕೈಯಲ್ಲಿ ನಾನು ಬರೆದ ಸಾಲು ಇತ್ತಲ್ಲ.

ಶುಕ್ರವಾರ ಹನ್ನೊಂದೂವರೆಗೆ ನಾನು ಹೋದೆ. ನನ್ನ ಜೀವನದಲ್ಲಿ ಮೇಲಿನವರು ಬೇಡ ಅಂದದ್ದನ್ನು ಮಾಡಿದ್ದು ಅದೇ ಮೊದಲು. ದಾರಿಯಲ್ಲಿ ಎರಡು ಸಲ ಗಾಡಿ ನಿಲ್ಲಿಸಿ, ವಾಪಸ್ ಹೋಗಲೇ ಎಂದು ಯೋಚಿಸಿದೆ.

ಮಾರ್ಚ್ ಮುಗಿಯುವ ಕಾಲ. ಹಿಮ ಕರಗಿ ಅಂಗಳವೆಲ್ಲ ಕೆಸರು. ಕ್ಲೋದೆಟ್‌ಳ ಪಿಕಪ್ ಗಾಡಿ ಚಾಲೂ ಆಗಿ ನಿಂತಿತ್ತು. ಪೆಪೇರ್ ಮುಂದಿನ ಸೀಟಿನಲ್ಲಿ ಕೂತು ಕಿಟಕಿಯಿಂದ ಹೊರಗೆ ನೋಡುತ್ತಿದ್ದ. ಗಾಡಿಯ ಮುಂದೆ, ರಾತ್ರಿ ಉಡುಪಿನ ಮೇಲೆ ಕೊಟ್ಟಿಗೆಯ ಕೋಟು, ಕಾಲಿಗೆ ರಬ್ಬರ್ ಬೂಟು, ಕೆಸರಿನಲ್ಲಿ ವಾಕರ್ ಊರಿಕೊಂಡು ಲಿಯೋನಕ್ಕ ನಿಂತಿದ್ದಳು.

"ಪಕ್ಕಕ್ಕೆ ಬಾ ಅಕ್ಕ!" ಕ್ಲೋದೆಟ್ ಕಿಟಕಿಯಿಂದ ತಲೆ ಹೊರಹಾಕಿ ಕೂಗುತ್ತಿದ್ದಳು.

"ಹೊಡಿ. ಹೊಸ ಮಂಡಿ, ಗಟ್ಟಿಯಾಗಿದೆ. ನಿನ್ನ ಗಾಡೀನೇ ಸೊಟ್ಟ ಆಗುತ್ತೆ."

"ಬಿದ್ರೆ ಇನ್ನೊಂದು ಮಂಡೀನೂ ಹೋಗುತ್ತೆ!"

"ಹೋಗ್ಲಿ. ಅದಕ್ಕೂ ಲೋಹ ಹಾಕಿಸ್ಕೋತೀನಿ. ಅವನಿಗೆ ಯಾರು ಹಾಕಿಸ್ತಾರೆ?"

ನಾನು ಕೆಸರು ತುಳಿದುಕೊಂಡು ಹೋಗಿ ಲಿಯೋನಕ್ಕನ ಪಕ್ಕದಲ್ಲಿ ನಿಂತೆ.

"ಬಂದ್ಲು ಇನ್ನೊಬ್ಬಳು," ಎಂದಳು ಕ್ಲೋದೆಟ್. "ನೀನೇ ಬರೆದಿದ್ದೀಯಲ್ಲೇ, ಆರ್ಲಿನ್!"

"ಬರೆದಿದ್ದೆ. ತಪ್ಪು ಬರೆದಿದ್ದೆ. ನೋಡದೆ ಬರೆದೆ. ನನ್ನ ಮೇಲೆ ಬರುತ್ತೆ ಅಂತ ಹೆದರಿ ನಾಯಿ ಮೇಲೆ ಹಾಕಿದೆ." ತಿದ್ದುಪಡಿ ಹಾಳೆಯನ್ನು ಕಿಟಕಿಗೆ ಹಿಡಿದೆ. "ನಿನ್ನೆ ಕಣ್ಣಾರೆ ನೋಡಿದ್ದನ್ನ ಇದರಲ್ಲಿ ಬರೆದಿದ್ದೀನಿ. ಓದಿ. ನಿಮ್ಮಕ್ಕ ಕಥೆ ಕಟ್ಟಿಲ್ಲ."

ಅವಳು ಓದಿದಳು. ಎರಡನೆಯ ಸಲ ಓದಿದಳು. "ಕೆಚ್ಚಲು ಮುಲಾಮು," ಎಂದಳು ನಿಧಾನವಾಗಿ. "ಹೊಲಿಗೆ ಹಾಕಿರೋ ಗಾಯಕ್ಕೆ. ನಾಯಿ ಕೂದಲು ಇರೋ ಡಬ್ಬಿಯಿಂದ." ಹಲ್ಲಿನ ಸಲಕರಣೆ ಕುದಿಸುವವಳ ಮುಖ ಹೇಗಾಗಿರಬೇಡ! ಆದರೆ ಮರುಕ್ಷಣವೇ ಕಣ್ಣು ತುಂಬಿಕೊಂಡಳು. "ಮುಲಾಮು ಆದ್ರೇನು? ರೋಗ ಬಂದಿದ್ದು ಈ ನಾಯಿಯಿಂದ ತಾನೆ? ನಾಳೆ ಮೂಳೆಗೆ ಇಳಿದ್ರೆ? ರೋಮಿಯೋಗೂ ಏನಾಗಲ್ಲ ಅಂದಿದ್ರು. ಇವಳ ಕಾಲು ಹೋದ್ರೆ ಯಾರನ್ನ ಕೇಳ್ಲಿ?"

"ನನ್ನನ್ನ ಕೇಳಿ."

ಹೇಗೆ ಬಾಯಿಂದ ಬಂತೋ ತಿಳಿಯದು. ಬಂದ ಮೇಲೆ ನುಂಗಿಕೊಳ್ಳಲೂ ಇಲ್ಲ.

"ನನ್ನ ಹೆಸರು ಬರೆದಿಟ್ಕೊಳಿ. ಆಫೀಸಿಗೆ ದೂರು ಕೊಡಿ, ಕೆಲಸ ಹೋದ್ರೂ ಹೋಗ್ಲಿ. ನಾನು ಬರೆದ ಸುಳ್ಳಿಗೆ ಈ ನಾಯಿ ಸಾಯೋದು ಬೇಡ." ಆಮೇಲೆ ಲಿಯೋನಕ್ಕನ ಕಡೆ ತಿರುಗಿದೆ. "ನೀನು ನಗಬೇಡ. ಡಬ್ಬಿ ಇವತ್ತೇ ಮನೆಯಿಂದ ಆಚೆ ಹೋಗುತ್ತೆ. ಗೇಟು ಇರುತ್ತೆ. ಗಾಯಕ್ಕೆ ಸೋಪು ನೀರು ಬಿಟ್ರೆ ಇನ್ನೇನೂ ತಾಗಬಾರದು. ಅವನ ಕಾಲಿಗೆ ಹೊಸ ಮುಲಾಮು ತಂದು ಹಚ್ಚೋದು ಕ್ಲೋದೆಟ್, ಗ್ಲೌಸು ಹಾಕ್ಕೊಂಡು. ನೀನು ಅವನ ತಲೆ ಸವರಿದ್ರೂ ಕೈ ತೊಳೀಬೇಕು. ಆಗಲ್ಲ ಅಂತೀಯಾ? ನಾನೇ ಆ ಗಾಡಿ ಹತ್ತಿ ಅವನ ಜೊತೆ ದನದ ಡಾಕ್ಟರ ಹತ್ರ ಹೋಗ್ತೀನಿ."

"ಇವಳಿಗೆ ಯಾವಾಗ ಕೋಡು ಮೂಡಿದ್ವು?" ಎಂದು ಲಿಯೋನಕ್ಕ ತಂಗಿಯನ್ನು ಕೇಳಿದಳು.

"ಡಬ್ಬಿ ಬಿಡ್ತೀಯಾ?" ಎಂದಳು ಕ್ಲೋದೆಟ್, ಅಕ್ಕನನ್ನೇ ದಿಟ್ಟಿಸಿ. "ಅದನ್ನ ಹೇಳು ಮೊದಲು."

"ಬೇರೆ ಡಬ್ಬಿ ಇಟ್ಕೋತೀನಿ. ಅವನಿಗೊಂದು ನನಗೊಂದು."

"ಇಲ್ಲ," ನಾವಿಬ್ಬರೂ ಒಟ್ಟಿಗೆ ಅಂದೆವು.

ಲಿಯೋನಕ್ಕ ಗಾಡಿಯ ಕಿಟಕಿಯ ಕಡೆ ನೋಡಿದಳು. ಪೆಪೇರ್ ಗಾಜಿಗೆ ಮೂಗು ಒತ್ತಿ ಉಸಿರಿನಿಂದ ಮಬ್ಬು ಮಾಡಿದ್ದ. "ಸರಿ ಸರಿ. ತಗೊಂಡು ಸಾಯ್ರಿ. ಐವತ್ತು ವರ್ಷದ ವಿದ್ಯೆ, ಇವತ್ತಿಗೆ ಮುಗೀತು."

ಕ್ಲೋದೆಟ್ ಚಾವಿ ತಿರುಗಿಸಿ ಗಾಡಿ ಆರಿಸಿದಳು. ಬಾಗಿಲು ತೆಗೆದರೆ ಪೆಪೇರ್ ಇಳಿಯಲೊಲ್ಲ, ಸೀಟು ಬೆಚ್ಚಗಿತ್ತು. ಕೊನೆಗೆ ಅವಳೇ ಬೈದುಕೊಂಡು ಅವನನ್ನು ಎತ್ತಿ ಇಳಿಸಿದಳು. ನಾನು ಲಿಯೋನಕ್ಕನನ್ನು ಕೆಸರಿನಿಂದ ಬಿಡಿಸಿ ಒಳಗೆ ಕರೆತಂದೆ. ಬೂಟು ಕಳಚಿ, ಕಾಲು ತೊಳೆದು, ಗಾಯ ನೋಡಿದೆ. ಕೆಂಪು ಹಾಗೇ ಇತ್ತು.

ಸೋಮವಾರ ಮೇಲ್ವಿಚಾರಕಿ ನನಗೆ ಎರಡು ಎಚ್ಚರಿಕೆ ಪತ್ರ ಕೊಟ್ಟಳು: ಹೇಳಿದ್ದನ್ನು ಮೀರಿ ಹೋದದ್ದಕ್ಕೆ ಒಂದು, ನೋಡದ್ದನ್ನು ಬರೆದದ್ದಕ್ಕೆ ಒಂದು. ಎರಡನೆಯದಕ್ಕೆ ತಲೆತಗ್ಗಿಸಿ ರುಜು ಹಾಕಿದೆ. ಮೊದಲನೆಯದಕ್ಕೂ ರುಜು ಹಾಕಿದೆ. ಆದರೆ ಅದರ ಕೆಳಗೆ, ಅಂಥ ಸಂದರ್ಭ ಮತ್ತೆ ಬಂದರೆ ಮತ್ತೆ ಹೋಗುತ್ತೇನೆ ಎಂದು ಬರೆದೆ. ನೋಡಿದ ಮೇಲೇ ಬರೆಯುವುದು ಎಂದು ಈಗ ಪಾಠ ಕಲಿತಿದ್ದೇನೆ, ಇದನ್ನು ಮಾತ್ರ ನೋಡದೆಯೂ ಬರೆಯಬಲ್ಲೆ ಎಂದೂ ಸೇರಿಸಿದೆ. ಅವಳು ಓದಿ ಕಡತಕ್ಕೆ ಹಾಕಿದಳು.

ಏಪ್ರಿಲ್ ನಡುವಿಗೆ ಗಾಯ ಒಣಗಿತು. ಜೂನಿನಲ್ಲಿ ಲಿಯೋನಕ್ಕ ಒಬ್ಬರ ಮನೆಯ ಮದುವೆಗೆಂದು ಅವರ ಮೂವತ್ತು ಹಸು ಕರೆದು ಬಂದಳು, ಯಾರನ್ನೂ ಕೇಳದೆ.

ಆ ಸೋಂಕು ಮುಲಾಮಿನಿಂದಲೇ ಬಂತೇ? ಗೊತ್ತಿಲ್ಲ. ಡಬ್ಬಿಯನ್ನು ಪರೀಕ್ಷೆಗೆ ಕೊಡಬೇಕೆಂದು ನನಗೆ ಹೊಳೆಯುವ ಮೊದಲೇ ಕ್ಲೋದೆಟ್ ಅದನ್ನು ಮೂರು ಚೀಲದಲ್ಲಿ ಕಟ್ಟಿ ಕಸಕ್ಕೆ ಹಾಕಿದ್ದಳು. ನಾವು ಯಾರೂ ಇಲ್ಲದಾಗ ನಾಯಿ ಒಂದು ಸಲವಾದರೂ ಗೇಟು ದಾಟಿತ್ತೇ ಎಂಬುದೂ ಗೊತ್ತಿಲ್ಲ. ವಾಸಿಯಾದದ್ದು ಮಾತ್ರೆಯಿಂದಲೋ, ಡಬ್ಬಿ ಹೋದದ್ದರಿಂದಲೋ, ಕೈ ತೊಳೆದದ್ದರಿಂದಲೋ ಹೇಳಲಾರೆ. ಲೋಹದ ಮೇಲೆ ಏನಾದರೂ ಇನ್ನೂ ಅಡಗಿ ಕೂತಿದೆಯೇ ಎಂದು ಆಸ್ಪತ್ರೆಯವರನ್ನು ಕೇಳಿದೆ. ಈಗಲೇ ಹೇಳಲಾಗದು, ಒಂದೆರಡು ವರ್ಷ ನೋಡಬೇಕು ಎಂದರು.